ಕದ ತೆರೆದವರು

ಪಾಪಿನಾಯಕನಹಳ್ಳಿಯಲ್ಲಿ ಗಡಿಯಾರಕ್ಕಿಂತ ರೇಡಿಯೊವನ್ನೇ ಹೆಚ್ಚು ನಂಬಿದ್ದ ಕಾಲವೊಂದಿತ್ತು. ಎಮ್ಮೆ ಹಿಂಡುವ ಹೊತ್ತಿಗೆ ಯಾರದೋ ಮನೆಯಿಂದ ತಂಬೂರಿಯ ಶ್ರುತಿ, ಅದರ ಮೇಲೆ ಮೆಲ್ಲಗೆ ಏಳುವ ಪಿಟೀಲು. ಆಕಾಶವಾಣಿಯ ಆರಂಭದ ಧುನ್. ಅದಕ್ಕೊಬ್ಬ ಕರ್ತೃ ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಕೋಳಿಯ ಕೂಗಿಗೆ ಕರ್ತೃ ಇರುತ್ತಾನೆಯೆ?

ಇದ್ದ. ವಾಲ್ಟರ್ ಕೌಫ್‌ಮನ್. 1907ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. ಬರ್ಲಿನ್ನಿನಲ್ಲೂ ಪ್ರಾಗ್‌ನಲ್ಲೂ ಸಂಗೀತ ಕಲಿತವನು. ಹಿಟ್ಲರ್ ಅಧಿಕಾರಕ್ಕೇರಿದ ಮರುವರ್ಷ, 1934ರಲ್ಲಿ, ಮುಂಬೈಗೆ ಬಂದಿಳಿದ. ನಮ್ಮ ಸಂಗೀತ ಮೊದಮೊದಲು ಅವನಿಗೆ ಹಿಡಿಸಲೇ ಇಲ್ಲವಂತೆ. ಇಷ್ಟು ಕೋಟಿ ಜನ ಮನಸಾರೆ ಮೆಚ್ಚುವುದರಲ್ಲಿ ಏನೋ ಇರಲೇಬೇಕು, ಕೊರತೆ ತನ್ನ ಕಿವಿಯದೇ ಎಂದುಕೊಂಡು ಪಟ್ಟು ಹಿಡಿದು ಕೇಳಿದ. ಆ ಕಿವಿಯಿಂದ ಹುಟ್ಟಿದ್ದು ಈ ಧುನ್. ಶಿವರಂಜನಿಯ ಛಾಯೆ ಅದರಲ್ಲಿದೆ ಎನ್ನುತ್ತಾರೆ ಬಲ್ಲವರು. ಮನೆ ಕಳೆದುಕೊಂಡವನೊಬ್ಬ ಲಕ್ಷಾಂತರ ಮನೆಗಳಿಗೆ ಬೆಳಗು ತಂದುಕೊಟ್ಟನಲ್ಲ ಎಂದು ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇದು ಗೊತ್ತಾದ ಮೇಲೆ ನೋಡಿದ್ದರಿಂದಲೋ ಏನೋ, ‘ದಿ ಪಿಯಾನಿಸ್ಟ್’ ಸಿನಿಮಾ ನನಗೆ ದೂರದ ದೇಶದ ಕಥೆಯಾಗಿ ಉಳಿಯಲಿಲ್ಲ. ರೋಮನ್ ಪೊಲಾನ್ಸ್ಕಿ 2002ರಲ್ಲಿ ತೆಗೆದ ಚಿತ್ರ. ಅವನೂ ಹುಡುಗನಾಗಿದ್ದಾಗ ಕ್ರಾಕೋವ್‌ನ ಯಹೂದಿ ಕೇರಿಯಿಂದ ಹೇಗೋ ಉಳಿದುಬಂದವನು. ತಾಯಿ ನಾತ್ಸಿಗಳ ಆಶ್ವಿಟ್ಜ್ ಶಿಬಿರದಲ್ಲಿ ಸತ್ತಳು. ಕಥೆ ವ್ಲಾದಿಸ್ಲಾವ್ ಸ್ಪಿಲ್ಮನ್‌ನದು, ನಡೆದದ್ದೇ. ವಾರ್ಸಾದ ರೇಡಿಯೊ ನಿಲಯದಲ್ಲಿ ಪಿಯಾನೊ ನುಡಿಸುತ್ತಿದ್ದವನು. 1939ರ ಸೆಪ್ಟೆಂಬರ್ 23ರಂದು ಅವನು ಶೋಪನ್‌ನ ಕೃತಿ ನುಡಿಸುತ್ತಿದ್ದಾಗಲೇ ಹೊರಗೆ ಬಾಂಬು ಬೀಳುತ್ತಿತ್ತು. 1942ರಲ್ಲಿ ಅಪ್ಪ, ಅಮ್ಮ, ತಮ್ಮ, ಅಕ್ಕತಂಗಿಯರನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಹೋಗುವ ರೈಲಿಗೆ ತುಂಬಿದರು. ಸಾಲಿನಲ್ಲಿದ್ದ ಇವನೊಬ್ಬನನ್ನು ಪೊಲೀಸಿನವನ ಕೈ ಹಿಂದಕ್ಕೆಳೆಯಿತು. ನಮ್ಮ ಊರಿನ ಸ್ಟೇಷನ್ನಿನ ಮುಂದೆ ಹಗಲೂ ರಾತ್ರಿ ಗೂಡ್ಸ್ ಗಾಡಿ ಓಡಾಡುತ್ತವೆ. ಆ ದೃಶ್ಯ ನೋಡಿದ ಮೇಲೆ ಮುಚ್ಚಿದ ಡಬ್ಬಿಗಳನ್ನು ನಿರಾಳವಾಗಿ ಎಣಿಸುವುದಕ್ಕೆ ಆಗುವುದಿಲ್ಲ.

ಮತ್ತೊಂದು ದೃಶ್ಯ. ಬಚ್ಚಿಟ್ಟುಕೊಂಡ ಮನೆಯಲ್ಲೊಂದು ಪಿಯಾನೊ ಇದೆ, ಆದರೆ ನುಡಿಸುವಂತಿಲ್ಲ. ಪಕ್ಕದ ಮನೆಗೆ ಕೇಳಿಸಿದರೆ ಪ್ರಾಣ ಹೋಯಿತು. ಅವನು ಕೂತು, ಕೀಲಿಗಳಿಗೆ ತಾಗದಂತೆ, ಗಾಳಿಯಲ್ಲೇ ಬೆರಳಾಡಿಸುತ್ತಾನೆ. ಸಂಗೀತ ಅವನ ತಲೆಯೊಳಗೆ ಪೂರ್ತಿ ಮೊಳಗುತ್ತಿರುತ್ತದೆ.

ಇಂಥ ಚಿತ್ರ ನೋಡಿದವರು ಸಾಮಾನ್ಯವಾಗಿ ‘ಸಂಗೀತ ಅವನನ್ನು ಕಾಪಾಡಿತು’ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವಿಕ್ಟರ್ ಉಲ್ಮನ್, ಪಾವೆಲ್ ಹಾಸ್ ಇಬ್ಬರೂ ಕೌಫ್‌ಮನ್‌ನ ನಾಡಿನಲ್ಲೇ ಬಾಳಿದವರು, ದೊಡ್ಡ ಸಂಗೀತಗಾರರು. ತೆರೆಜಿನ್ ಶಿಬಿರದೊಳಗೂ ಕೃತಿ ರಚಿಸಿದರು. 1944ರ ಅಕ್ಟೋಬರಿನಲ್ಲಿ ಇಬ್ಬರನ್ನೂ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಅವರ ಸಂಗೀತಕ್ಕೇನು ಕಡಿಮೆಯಿತ್ತು? ಅವರಿಗೆ ಇಲ್ಲದೆ ಹೋದದ್ದು ಕದ ತೆರೆಯುವ ಕೈ. ಕೌಫ್‌ಮನ್‌ಗೆ ಮುಂಬೈ ಸಿಕ್ಕಿತು. ಸ್ಪಿಲ್ಮನ್‌ಗೆ ಪೋಲಿಷ್ ಗೆಳೆಯರು ಸಿಕ್ಕರು. ಸಿಕ್ಕಿಬಿದ್ದರೆ ಮರಣದಂಡನೆ ಎಂದು ಗೊತ್ತಿದ್ದೂ ಮನೆಯಿಂದ ಮನೆಗೆ ದಾಟಿಸಿದರು.

ಹಂಪಿಗೆ ಹೋದಾಗೆಲ್ಲ ಈ ಮಾತು ಬೇರೆ ರೀತಿಯಲ್ಲಿ ಎದುರಾಗುತ್ತದೆ. ವಿಠ್ಠಲ ದೇವಾಲಯದ ನಾದದ ಕಂಬಗಳನ್ನು ಈಗ ಮುಟ್ಟುವಂತಿಲ್ಲ. ಮುಟ್ಟದೆ, ಕೇಳದೆ, ಒಳಗೆ ನಾದವಿದೆ ಎಂದು ನಂಬಿ ನಿಲ್ಲಬೇಕು. 1565ರ ಜನವರಿಯಲ್ಲಿ, ವಿಜಯನಗರವನ್ನು ಆಳುತ್ತಿದ್ದ ರಾಮರಾಯನ ತಲೆ ಯುದ್ಧದಲ್ಲಿ ಉರುಳಿತು, ನಗರ ತಿಂಗಳುಗಟ್ಟಲೆ ಸೂರೆಹೋಯಿತು. ಇದನ್ನೂ ಯಹೂದಿಗಳ ಹತ್ಯಾಕಾಂಡವನ್ನೂ ಒಂದೇ ತಕ್ಕಡಿಯಲ್ಲಿಡಬಾರದು. ಇದು ಯುದ್ಧ, ಅದು ಒಂದು ಜನವನ್ನೇ ಪಟ್ಟಿ ಮಾಡಿ ಕೊಂದದ್ದು, ಅರವತ್ತು ಲಕ್ಷ ಜೀವ. ಆದರೂ ಊರು ಉರಿದ ಮೇಲೆ ಹಾಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಹದಿನೈದು ವರ್ಷ ಮೊದಲು, 1550ರಲ್ಲಿ, ಇದೇ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದಿದ್ದ. ರಾಗಗಳನ್ನು ಮೇಳಗಳಾಗಿ ವಿಂಗಡಿಸಿದ ಗ್ರಂಥ. ಬರೆಯಿಸಿದ ದೊರೆ ಹೋದ, ಅರಮನೆ ಹೋಯಿತು. ಪುಸ್ತಕ ಉಳಿಯಿತು. ರಾಜಧಾನಿ ಪೆನುಕೊಂಡೆಗೆ ಸರಿಯಿತು, ವಿದ್ಯೆಗೆ ತಂಜಾವೂರಿನ ನಾಯಕರು ಕದ ತೆರೆದರು. ಅಲ್ಲಿ ಮಂತ್ರಿಯಾಗಿದ್ದವನು ಕನ್ನಡ ಮೂಲದ ಗೋವಿಂದ ದೀಕ್ಷಿತ. ಅವನ ಮಗ ವೆಂಕಟಮಖಿ ಮುಂದಿನ ಶತಮಾನದಲ್ಲಿ ಮೇಳಗಳ ಲೆಕ್ಕವನ್ನು ಎಪ್ಪತ್ತೆರಡಕ್ಕೆ ಮುಟ್ಟಿಸಿದ. (ಮುಟ್ಟಿಸುವಾಗ ರಾಮಾಮಾತ್ಯನನ್ನು ಚೆನ್ನಾಗಿ ತರಾಟೆಗೂ ತೆಗೆದುಕೊಂಡ. ವಿದ್ವಾಂಸರ ಜಗಳ ಸಾಮ್ರಾಜ್ಯ ಬಿದ್ದರೂ ನಿಲ್ಲುವುದಿಲ್ಲ!) ಪುರಂದರದಾಸರ ಪದಗಳಿಗಂತೂ ಅರಮನೆ ಬೇಕಿರಲಿಲ್ಲ. ತುಂಗಭದ್ರೆಯ ದಡದ ಮಂಟಪದಿಂದ ಭಿಕ್ಷೆಯ ಜೋಳಿಗೆಯೊಂದಿಗೆ ಹೊರಟು, ಅನ್ನ ನೀಡಿದ ಹೊಸ್ತಿಲುಗಳ ಮೇಲೇ ಬದುಕಿದವು.

ನನ್ನನ್ನು ನಿಜವಾಗಿ ಬೆರಗಾಗಿಸಿದ ಸಂಗತಿ ಇನ್ನೊಂದಿದೆ. ಕೌಫ್‌ಮನ್ 1946ರಲ್ಲಿ ಭಾರತ ಬಿಟ್ಟ. ಇಂಗ್ಲೆಂಡ್, ಕೆನಡಾ ದಾಟಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ನೆಲೆಯಾದ. ಅಲ್ಲಿ ಕೂತು 1976ರಲ್ಲಿ ಹೊರತಂದದ್ದು ದಕ್ಷಿಣ ಭಾರತದ ರಾಗಗಳ ಮೇಲಿನ ದೊಡ್ಡ ಗ್ರಂಥ. ಸುಟ್ಟ ನಗರವೊಂದರಿಂದ ಹೊರಟ ಮೇಳಗಳ ಲೆಕ್ಕವನ್ನು, ನಾನೂರು ವರ್ಷದ ಮೇಲೆ, ತನ್ನ ನಾಡು ಕಳೆದುಕೊಂಡವನೊಬ್ಬ ಮತ್ತೊಂದು ಖಂಡದಲ್ಲಿ ಬರೆದಿಡುತ್ತಿದ್ದ. ಯಾರೂ ಹೀಗಾಗಲೆಂದು ಯೋಜಿಸಿರಲಿಲ್ಲ. ನಡುನಡುವೆ ಯಾರೋ ಕದ ತೆರೆದರು, ಅಷ್ಟೆ.

ಕದ ತೆರೆದವರಿಗೆ ಪ್ರತಿಫಲ ಸಿಕ್ಕೇ ಸಿಗುತ್ತದೆಂದಲ್ಲ. ಹಾಳುಬಿದ್ದ ವಾರ್ಸಾದಲ್ಲಿ, 1944ರ ಚಳಿಯಲ್ಲಿ, ಸ್ಪಿಲ್ಮನ್‌ನನ್ನು ಕಂಡುಹಿಡಿದವನು ಜರ್ಮನ್ ಸೇನಾಧಿಕಾರಿ ವಿಲ್ಮ್ ಹೋಸೆನ್‌ಫೆಲ್ಡ್. ಪಿಯಾನೊ ನುಡಿಸೆಂದ, ಕೇಳಿದ, ಬ್ರೆಡ್ಡೂ ಕೋಟೂ ತಂದುಕೊಟ್ಟ. ಯುದ್ಧ ಮುಗಿಯುವ ಮೊದಲೇ, 1945ರ ಜನವರಿಯಲ್ಲಿ, ಸೋವಿಯತ್ ಸೈನ್ಯ ಅವನನ್ನು ಸೆರೆಹಿಡಿಯಿತು. ಹೆಸರು ತಿಳಿದ ಮೇಲೆ ಸ್ಪಿಲ್ಮನ್ ಬಿಡಿಸಿಕೊಳ್ಳಲು ಓಡಾಡಿದ, ಫಲಿಸಲಿಲ್ಲ. ಹೋಸೆನ್‌ಫೆಲ್ಡ್ 1952ರಲ್ಲಿ ಸೆರೆಯಲ್ಲೇ ಸತ್ತ. ಸ್ಪಿಲ್ಮನ್ 2000ನೇ ಇಸವಿಯವರೆಗೆ ಬದುಕಿದ್ದ.