ಸಾಮಾನು ಕಾಯುವವರು

ದಸರಾ ರಜೆಗೆ ನಾಲ್ಕು ತಲೆಮಾರೂ ಸೇರಿ ಊಟಿಗೆ ಹೋಗೋಣವೆಂದು ಮಗ ಹೊರಟಿದ್ದಾನೆ. ಚಾಮರಾಜಪೇಟೆಯಿಂದ ಸುಮಾರು 270 ಕಿಲೋಮೀಟರು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆ ಮುಚ್ಚುತ್ತಾರೆ, 2009ರಿಂದ ಹೀಗೇ; ಬರುವಾಗ ತಡಮಾಡುವಂತಿಲ್ಲ. ಹೀಗೆ ಲೆಕ್ಕ ಹಾಕುತ್ತಿದ್ದಾಗ ಎಂಬತ್ತೆರಡರ ಅತ್ತೆ, "ನೀವು ಹೋಗಿ ಬನ್ನಿ, ನನಗೆ ಆ ಚಳಿ ಆಗಿಬರೋಲ್ಲ, ಮನೆ ನೋಡ್ಕೊಂಡಿರ್ತೀನಿ" ಎಂದರು.

ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು. ಗಂಟೆಗೊಮ್ಮೆ ಗಾಡಿ ನಿಲ್ಲಿಸುವ, ಮೆಟ್ಟಿಲಿಲ್ಲದ ರೂಮು ಹುಡುಕುವ ತಾಪತ್ರಯ ತಪ್ಪಿತು. ಹಿರಿಯರ ಇಚ್ಛೆಯನ್ನು ಗೌರವಿಸಿದ ಪುಣ್ಯ ಬೇರೆ!

ಮೊಮ್ಮಗಳು ಸುಮ್ಮನಿರಲಿಲ್ಲ. "ಮುತ್ತಜ್ಜಿ, ನೀನು ಊಟಿ ಕೆರೆ ನೋಡಿದೀಯಾ?"

"ನೋಡಿದೀನಮ್ಮ, ದಡದಿಂದ. ನಿಮ್ಮಪ್ಪ ತೊಡೆ ಮೇಲೆ ಮಲಗಿದ್ದ, ಪಕ್ಕದಲ್ಲಿ ಎಲ್ಲರ ಬ್ಯಾಗು."

ಆ ದೋಣಿಯಲ್ಲಿ ನಾನಿದ್ದೆ, ಮೂವತ್ತು ವರ್ಷದ ಹಿಂದೆ. ಆಗಲೂ ಅವರು "ನೀರು ನೋಡಿದ್ರೆ ತಲೆ ಸುತ್ತುತ್ತೆ, ನೀವು ಹೋಗಿ" ಎಂದಿದ್ದರು, ನಾವು ನಂಬಿದ್ದೆವು. 1820ರ ದಶಕದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಕೆರೆಯದು ಎಂದು ಮಕ್ಕಳಿಗೆ ಪಾಠ ಹೇಳುವ ನನಗೆ, ದಡದಲ್ಲಿ ಕೂತವರನ್ನು ಒಮ್ಮೆ ತಿರುಗಿ ನೋಡಿದ ನೆನಪಿಲ್ಲ.

ಬೇಡವೆಂದವರನ್ನು ಎಳೆದೊಯ್ಯುವುದು ದಬ್ಬಾಳಿಕೆಯೇ. ಆದರೆ ಊಟಕ್ಕೆ ಕೂತವರು ಸಾಕೆಂದರೂ ಮೂರು ಸಲ ಬಲವಂತ ಮಾಡಿ ಬಡಿಸುವವರು ನಾವು. ನಮಗೆ ಅನುಕೂಲವಾಗುವ "ಬೇಡ"ವನ್ನು ಮಾತ್ರ ಒಂದೇ ಸಲಕ್ಕೆ ಒಪ್ಪಿಕೊಂಡುಬಿಡುತ್ತೇವಲ್ಲ, ಅದೇಕೆ?

ನಿನ್ನೆ ಸಂಜೆ ಅತ್ತೆ ಹೂ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ: "ಈ ಸಲ ಸಾಮಾನು ನಾನು ಕಾಯ್ತೀನಿ. ಬರ್ತೀರಾ ಅತ್ತೆ?"

ದಾರ ಎಳೆಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದೋಣೀಲಿ ಒರಗಿಕೊಳ್ಳೋಕೆ ಏನಾದ್ರೂ ಇರುತ್ತಾ?" ಎಂದರು.