ಅನುಮಾನಕ್ಕೊಂದು ಖಾತೆ

ಒಂದು ಸಂಸ್ಥೆ ಯಾರ ಮಾತನ್ನು ಕೇಳಿಸಿಕೊಂಡು ತೀರ್ಮಾನಕ್ಕೆ ಬರುತ್ತದೆ ಎಂಬುದನ್ನು ಗಮನಿಸಿದರೆ ಅದರ ಸ್ವಭಾವದ ಬಹುಪಾಲು ತಿಳಿದುಹೋಗುತ್ತದೆ. ಬ್ಯಾಂಕಾಗಲಿ, ಕಾರ್ಖಾನೆಯಾಗಲಿ, ಹಾಲು ಒಕ್ಕೂಟವಾಗಲಿ, ಇಂದು ಮೀಟಿಂಗ್ ಶುರುವಾಗುವುದು ಪರದೆಯ ಮೇಲೆ ಅಂಕಿಗಳು ಮೂಡಿದ ಮೇಲೆಯೇ. ಅಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯವಿರುತ್ತದೆ. ಅಂಕಿ ಕಂಡ ಕೂಡಲೇ ದನಿಗಳು ತಗ್ಗುತ್ತವೆ. ಇದರಲ್ಲಿ ಒಳಿತೇ ಹೆಚ್ಚು ಎಂದು ನಾನೂ ನಂಬುತ್ತೇನೆ. ಗಟ್ಟಿ ಗಂಟಲಿನವನ ಊಹೆ ಗೆಲ್ಲುವುದಕ್ಕಿಂತ ಬರೆದಿಟ್ಟ ಲೆಕ್ಕ ಗೆಲ್ಲುವುದು ಮೇಲಲ್ಲವೇ? ಆದರೂ ಹಾಗೆ ತಗ್ಗಿದ ದನಿಗಳಲ್ಲಿ ಮನವರಿಕೆಯಾಗಿ ಸುಮ್ಮನಾದವು ಎಷ್ಟು, ಎದುರಾಡಲು ಅಂಜಿ ಸುಮ್ಮನಾದವು ಎಷ್ಟು ಎಂಬುದನ್ನು ಮಾತ್ರ ಯಾವ ಪರದೆಯೂ ತೋರಿಸುವುದಿಲ್ಲ.

ವ್ಯಾಪಾರದ ತೀರ್ಮಾನಗಳಿಗೆ ಕಂಪ್ಯೂಟರ್ ಆಸರೆಯಾಗಬಲ್ಲದು ಎಂದು ಮೊದಲು ಮಾಡಿ ತೋರಿಸಿದವರು ಚಹಾ, ಕೇಕು ಮಾರುತ್ತಿದ್ದವರು. ಲಂಡನ್ನಿನ ಜೆ. ಲಯನ್ಸ್ ಕಂಪನಿ 1894ರಲ್ಲಿ ಪಿಕಡಿಲಿಯಲ್ಲಿ ತನ್ನ ಮೊದಲ ಚಹಾ ಅಂಗಡಿ ತೆರೆಯಿತು. ಮುಂದೆ ಅಂಥ ಅಂಗಡಿಗಳು ಬ್ರಿಟನ್ನಿನ ಹಲವು ಊರುಗಳಲ್ಲಿ ಹರಡಿಕೊಂಡವು. ಒಂದು ಬನ್ನಿನ ಮೇಲೆ, ಒಂದು ಕಪ್ ಚಹಾದ ಮೇಲೆ ಉಳಿಯುವುದು ಬಿಡಿಕಾಸು. ಲೆಕ್ಕ ಬರೆಯುವ ಖರ್ಚೇ ಆ ಬಿಡಿಕಾಸನ್ನು ನುಂಗಿಬಿಟ್ಟರೆ ವ್ಯಾಪಾರಕ್ಕೆ ಅರ್ಥವೇನು ಎಂಬ ಚಿಂತೆ ಅವರಿಗಿತ್ತು. ಆದ್ದರಿಂದಲೇ ಕೇಂಬ್ರಿಜಿನಲ್ಲಿ ಗಣಿತ ಓದಿದ್ದ ಜಾನ್ ಸಿಮನ್ಸ್ ಅವರನ್ನು 1923ರಲ್ಲಿ ಕಚೇರಿಗೆ ಸೇರಿಸಿಕೊಂಡಿದ್ದರು. 1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಅಲ್ಲಿ ಹೊಸದಾಗಿ ಹುಟ್ಟುತ್ತಿದ್ದ ಗಣಕಗಳ ವಿಚಾರ ತಿಳಿದು ಬಂದರು. ಕೇಂಬ್ರಿಜಿನಲ್ಲಿ ಮಾರಿಸ್ ವಿಲ್ಕ್ಸ್ ಕಟ್ಟುತ್ತಿದ್ದ ಎಡ್‌ಸ್ಯಾಕ್ ಯಂತ್ರಕ್ಕೆ ಲಯನ್ಸ್ 3,000 ಪೌಂಡ್ ಕೊಟ್ಟಿತು, ಅದನ್ನೇ ಮಾದರಿಯಾಗಿಟ್ಟುಕೊಂಡು ತನಗೊಂದು ಯಂತ್ರ ಕಟ್ಟಿಕೊಂಡಿತು. ಲಿಯೋ ಎಂಬ ಆ ಯಂತ್ರ 1951ರ ನವೆಂಬರಿನಲ್ಲಿ ಬೇಕರಿಯ ಮಾಲಿನ ಮೌಲ್ಯ ಕಟ್ಟುವ ಲೆಕ್ಕವನ್ನು ವಹಿಸಿಕೊಂಡಿತು.

ಲಿಯೋ ಮಾಡಿದ ಕೆಲಸಗಳಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು 1954ರಲ್ಲಿ ಶುರುವಾದ ಅಂಗಡಿ ಸರಬರಾಜಿನ ಹತ್ತಿರ. ಯಾವ ಅಂಗಡಿಗೆ, ವಾರದ ಯಾವ ದಿನ, ಯಾವ ತಿನಿಸು ಎಷ್ಟು ಬೇಕು ಎಂಬ ಖಾಯಂ ಪಟ್ಟಿ ಮೊದಲೇ ಸಿದ್ಧವಿತ್ತು. ಪ್ರತಿ ಅಂಗಡಿಯ ಮೇಲ್ವಿಚಾರಕಿ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದಳು. ಪಟ್ಟಿಯನ್ನೆಲ್ಲ ಓದಬೇಕಾಗಿರಲಿಲ್ಲ, ನಾಳೆಗೆ ಬದಲಾಗಬೇಕಾದದ್ದನ್ನು ಮಾತ್ರ ಹೇಳಿದರೆ ಸಾಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಆಪರೇಟರ್ ಕೇಳಿಸಿಕೊಳ್ಳುತ್ತಲೇ ಕಾರ್ಡಿನಲ್ಲಿ ತೂತು ಹೊಡೆಯುತ್ತಿದ್ದಳು. ಆ ಕಾರ್ಡುಗಳು ಯಂತ್ರದೊಳಗೆ ಹೋಗಿ, ಬೇಕರಿಯವರಿಗೂ ಲಾರಿ ತುಂಬುವವರಿಗೂ ಬೇಕಾದ ಪಟ್ಟಿಗಳಾಗಿ ಹೊರಬರುತ್ತಿದ್ದವು. ನಿನ್ನೆಯವರೆಗಿನ ಅನುಭವ ಖಾಯಂ ಪಟ್ಟಿಯಲ್ಲಿತ್ತು, ಸರಿ. ಆದರೆ ನಾಳೆ ಮಳೆ ಹಿಡಿಯುವಂತಿದೆ, ಪಕ್ಕದ ಕಚೇರಿಗೆ ರಜೆ ಎಂಬುದೆಲ್ಲ ಗೊತ್ತಿದ್ದದ್ದು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತವಳಿಗೆ. ಯಂತ್ರದ ನೆನಪನ್ನು ಮನುಷ್ಯರ ಕಣ್ಣು ತಿದ್ದುವುದಕ್ಕೆ ದಿನಕ್ಕೊಂದು ಹೊತ್ತು ಮೀಸಲಾಗಿತ್ತು. ಕೆಲಸದ ವಿನ್ಯಾಸ ಮಾಡಿದವರು ಇದನ್ನು ಔದಾರ್ಯದಿಂದ ಮಾಡಿದರೆಂದು ನಾನು ಹೇಳಲಾರೆ. ಆಕೆಯ ಮಾತಿಲ್ಲದೆ ಬನ್ನು ಉಳಿಯುತ್ತದೆ ಇಲ್ಲವೆ ಸಾಲದೆ ಹೋಗುತ್ತದೆ ಎಂಬ ಶುದ್ಧ ವ್ಯವಹಾರಜ್ಞಾನವೇ ಇದ್ದಿರಬಹುದು. ವ್ಯವಹಾರಜ್ಞಾನ ಮತ್ತು ಮನುಷ್ಯರ ಮೇಲಿನ ಗೌರವ ಹೀಗೆ ಒಂದೇ ದಾರಿಯಲ್ಲಿ ನಡೆಯುವ ಗಳಿಗೆಗಳು ಇರುತ್ತವೆ, ಅವು ನನಗೆ ಬಹಳ ಬೆಲೆಯುಳ್ಳವೆನಿಸುತ್ತವೆ.

ಇಷ್ಟೆಲ್ಲ ಇದ್ದೂ ಲಯನ್ಸ್ ಉಳಿಯಲಿಲ್ಲ. 1978ರಲ್ಲಿ ಅದು ಅಲೈಡ್ ಬ್ರೂವರೀಸ್ ಕೈಸೇರಿತು, ಚಹಾ ಅಂಗಡಿಗಳ ಕಾಲವೂ ಮುಗಿಯಿತು. ನಾಳೆಗೆ ಎಷ್ಟು ಬನ್ನು ಎಂಬ ಪ್ರಶ್ನೆಗೆ ಚೆನ್ನಾಗಿ ಉತ್ತರಿಸಬಲ್ಲ ವ್ಯವಸ್ಥೆ, ಜನ ಇನ್ನು ಮೇಲೆ ಇಂಥ ಅಂಗಡಿಗೆ ಬರುವರೇ ಎಂಬ ಪ್ರಶ್ನೆಯನ್ನು ತಾನಾಗಿ ಎತ್ತುವುದಿಲ್ಲವಲ್ಲ.

ಲಿಯೋ ವಂಶ ಮಾತ್ರ ಬೆಳೆಯಿತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಕೂಡಿಕೊಂಡಿತು. ಮುಂದಿನ ವಿಲೀನಗಳಲ್ಲಿ, 1968ರಲ್ಲಿ, ಐಸಿಎಲ್ ಎಂಬ ದೊಡ್ಡ ಕಂಪನಿಯೊಳಗೆ ಸೇರಿಹೋಯಿತು. 1990ರಲ್ಲಿ ಐಸಿಎಲ್‌ನ ಶೇ. 80 ಪಾಲನ್ನು ಜಪಾನಿನ ಫುಜಿತ್ಸು ಕೊಂಡಿತು. ಬ್ರಿಟನ್ನಿನ ಅಂಚೆ ಇಲಾಖೆ 1960ರ ದಶಕದಲ್ಲಿ ಲಿಯೋ ಯಂತ್ರಗಳ ದೊಡ್ಡ ಗಿರಾಕಿ. ಟೆಲಿಫೋನ್ ಬಿಲ್ಲುಗಳ ಲೆಕ್ಕ ಅವುಗಳ ಮೇಲೆ ನಡೆಯುತ್ತಿತ್ತು. ಆ ವಂಶದ ಕಂಪನಿಯೇ, ಅಂಚೆ ಕಚೇರಿಗಳ ಕೌಂಟರುಗಳಿಗಾಗಿ 1990ರ ದಶಕದ ಕೊನೆಯಲ್ಲಿ ಹೊರೈಜನ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು.

ಬ್ರಿಟನ್ನಿನ ಹಳ್ಳಿ, ಸಣ್ಣ ಊರುಗಳಲ್ಲಿ ಅಂಚೆ ಕೌಂಟರನ್ನು ನಡೆಸುವವರು ಸಾಮಾನ್ಯವಾಗಿ ಸಂಬಳದ ನೌಕರರಲ್ಲ. ಒಂದು ದಿನಸಿ ಅಂಗಡಿಯನ್ನೋ ಕಾಗದ-ಪೆನ್ನಿನ ಅಂಗಡಿಯನ್ನೋ ಇಟ್ಟುಕೊಂಡು, ಕರಾರಿನ ಮೇಲೆ ಪಿಂಚಣಿ ಹಂಚುವ, ಅಂಚೆಚೀಟಿ ಮಾರುವ ಸಬ್‌ಪೋಸ್ಟ್‌ಮಾಸ್ಟರ್‌ಗಳು. ಹೊಸ ವ್ಯವಸ್ಥೆ ಬಂದ ಮೇಲೆ ಹಲವರ ಲೆಕ್ಕದಲ್ಲಿ ಕಾರಣ ತಿಳಿಯದ ಕೊರತೆ ಕಾಣತೊಡಗಿತು. ಕೊರತೆ ಬಿದ್ದರೆ ಸಬ್‌ಪೋಸ್ಟ್‌ಮಾಸ್ಟರ್ ಕೈಯಿಂದ ತುಂಬಬೇಕು ಎಂದು ಸಂಸ್ಥೆ ಕರಾರು ತೋರಿಸಿ ಪಟ್ಟು ಹಿಡಿಯಿತು. ಜನ ಉಳಿತಾಯ ಸುರಿದರು, ಮನೆ ಒತ್ತೆ ಇಟ್ಟರು, ನೆಂಟರಲ್ಲಿ ಸಾಲ ಮಾಡಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪಗಳ ಮೇಲೆ ನ್ಯಾಯಾಲಯಗಳು ತಪ್ಪಿತಸ್ಥರೆಂದವು. ಇವುಗಳಲ್ಲಿ ಹೆಚ್ಚಿನ ಮೊಕದ್ದಮೆಗಳನ್ನು ಹೂಡಿದ್ದು ಪೋಸ್ಟ್ ಆಫೀಸ್ ಸಂಸ್ಥೆಯೇ. ಭಾರತ ಮೂಲದ ಹೆಣ್ಣುಮಗಳೊಬ್ಬರು 2010ರಲ್ಲಿ ತುಂಬು ಬಸುರಿನ ದಿನಗಳು ಇನ್ನೂ ಮುಂದಿದ್ದಾಗಲೇ ಜೈಲಿಗೆ ಹೋದರು.

ತಪ್ಪು ಹೇಗಿತ್ತು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯ ನಗದು 8,000 ಪೌಂಡನ್ನು 2015ರಲ್ಲಿ ಒಬ್ಬರು ಯಂತ್ರದಲ್ಲಿ ಜಮಾ ಮಾಡಲು ಹೊರಟಾಗ ಪರದೆ ಕದಲಲಿಲ್ಲ. ಪರದೆ ಕದಲದಿದ್ದರೆ ನೀವಾಗಲಿ ನಾನಾಗಲಿ ಏನು ಮಾಡುತ್ತೇವೆ? ಎಂಟರ್ ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತೇವೆ. ಅವರೂ ಒತ್ತಿದರು. ಒತ್ತಿದ ಪ್ರತಿ ಸಲವೂ ಅದೇ ಹಣ ಹೊಸದಾಗಿ ಜಮಾ ಆಗಿ, ಕೈಯಲ್ಲಿ ಇಲ್ಲದ 24,000 ಪೌಂಡ್ ಲೆಕ್ಕದಲ್ಲಿ ಏರಿ ಕೂತಿತು. ಪೆಟ್ಟಿಗೆ ಎಣಿಸಿದರೆ ಅಷ್ಟೂ ಕೊರತೆ. ಇದು ಬಗೆಹರಿಯಿತು ನಿಜ, ಆದರೆ ಇಂಥದ್ದೇ ದೋಷ ಅದಕ್ಕೂ ಮೊದಲು ಹಲವು ಶಾಖೆಗಳಲ್ಲಿ ಕಾಣಿಸಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು.

ಯಂತ್ರದಲ್ಲಿ ದೋಷ ಇರುವುದು ಅಪರಾಧವಲ್ಲ. ಕೈಬರಹದ ಕಿರ್ದಿಯಲ್ಲಿಯೂ ತಪ್ಪುಗಳಿದ್ದವು, ಲಿಯೋದಲ್ಲಿಯೂ ಇದ್ದವು. ನನ್ನನ್ನು ಬಹುವಾಗಿ ಕಾಡಿದ್ದು ಇನ್ನೊಂದು ಸಂಗತಿ. ಲೆಕ್ಕ ಬರೆಯುವವರಲ್ಲಿ ಬಹಳ ಹಳೆಯದೊಂದು ರೂಢಿಯಿದೆ: ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ, ವ್ಯತ್ಯಾಸದ ಹಣವನ್ನು ಅನಾಮತ್ತು ಖಾತೆಗೆ ಹಾಕಿ, ಕಾರಣ ಸಿಗುವವರೆಗೆ ಅಲ್ಲಿಯೇ ಇಡುತ್ತಾರೆ. ಯಾರ ತಲೆಗೂ ಕಟ್ಟುವುದಿಲ್ಲ, ಬಚ್ಚಿಡುವುದೂ ಇಲ್ಲ. ನಮಗಿನ್ನೂ ಗೊತ್ತಾಗಿಲ್ಲ ಎಂದು ಎಲ್ಲರೂ ಓದುವ ಪುಸ್ತಕದಲ್ಲಿ ಬರೆದಿಡುವುದು ಎಂಥ ದೊಡ್ಡ ಪ್ರಾಮಾಣಿಕತೆ! ಹೊರೈಜನ್ನಿನಲ್ಲಿಯೂ ಮೊದಮೊದಲು ಅಂಥ ಖಾತೆ ಇತ್ತು. ವಿವಾದದ ಕೊರತೆಯನ್ನು ಶಾಖೆಯ ಮಟ್ಟದಲ್ಲಿ ಅದರಲ್ಲಿ ಇಟ್ಟುಕೊಳ್ಳಬಹುದಿತ್ತು. 2005ರಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಉಳಿದದ್ದು ಹಣ ತುಂಬುವ ಆಯ್ಕೆ, ಇಲ್ಲವೆ ಕೇಂದ್ರದ ಲೆಕ್ಕಕ್ಕೆ ಸಾಲವೆಂದು ಒಪ್ಪಿಸುವ ಆಯ್ಕೆ. ಈ ಅಂಕಿಯನ್ನು ನಾನು ಒಪ್ಪುವುದಿಲ್ಲ ಎನ್ನಲು ಪರದೆಯ ಮೇಲೆ ಜಾಗವೇ ಇರಲಿಲ್ಲ. ಲೆಕ್ಕ ಒಪ್ಪಿಸದಿದ್ದರೆ ಮರುದಿನ ಅಂಗಡಿ ತೆರೆಯುವಂತಿಲ್ಲ; ಒಪ್ಪಿಸಿ ಸಹಿ ಮಾಡಿದರೆ ಆ ಸಹಿಯೇ ನಾಳೆ ಸಾಕ್ಷಿ.

ಆ ಖಾತೆಯನ್ನು ತೆಗೆಯಲು ನಿರ್ಧರಿಸಿದವರು ಕೆಟ್ಟವರೇ ಇರಬೇಕಾಗಿಲ್ಲ. ಬಗೆಹರಿಯದ ಮೊತ್ತಗಳು ಬೆಳೆಯುತ್ತಾ ಹೋದರೆ ಮೇಲಿನವರಿಗೆ ಇರುಸುಮುರುಸು. ವರದಿ ನಿಚ್ಚಳವಾಗಿದ್ದರೆ ನೆಮ್ಮದಿ. ಮನೆಯ ಮೂಲೆಯಲ್ಲಿ ಬಿದ್ದ ಹಳೆಯ ಗಂಟನ್ನು ಬಿಚ್ಚಿ ನೋಡದೆ ಹೊರಗೆ ಎಸೆಯುವ ಅವಸರ ನಮಗೆಲ್ಲ ಇರುವುದೇ. ಆದರೆ ಸಂಸ್ಥೆಯೊಂದು ತನ್ನ ಅಂಕಿಗಳನ್ನು ಚೊಕ್ಕಟಗೊಳಿಸುವಾಗ ಕಸವೆಂದು ಗುಡಿಸಿದ್ದರಲ್ಲಿ ಸತ್ಯದ ಚೂರುಗಳು ಹೋದರೆ, ಆಮೇಲೆ ಅದೇ ಅಂಕಿಗಳ ಮೇಲೆ ಕೈಗೊಳ್ಳುವ ತೀರ್ಮಾನಗಳಿಗೆ ಯಾವ ಆಧಾರ ಉಳಿಯುತ್ತದೆ? ಕೊರತೆಗಳ ಪಟ್ಟಿ ನೋಡಿದ ಅಧಿಕಾರಿಗೆ ಇಷ್ಟೊಂದು ಕಳ್ಳರು ಒಮ್ಮೆಗೇ ಹೇಗೆ ಹುಟ್ಟಿಕೊಂಡರು ಎಂಬ ಬೆರಗು ಮೂಡಬೇಕಿತ್ತು. ಊರವರು ತಲೆಮಾರುಗಟ್ಟಲೆ ನಂಬಿದ ಅಂಗಡಿಯವರು, ಕೈಯಾರೆ ಲೆಕ್ಕ ಬರೆಯುತ್ತಿದ್ದಾಗ ಸರಿಯಿದ್ದವರು, ಯಂತ್ರ ಬಂದೊಡನೆ ಕೆಟ್ಟರೆ? ಬೆರಗು ಮೂಡಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಮಂದಿಗೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮ್ಮೊಬ್ಬರದೇ. ಮಾಹಿತಿಯನ್ನು ಒಂದೆಡೆ ಕೂಡಿಸುವುದಕ್ಕೆಂದೇ ಕಟ್ಟಿದ ವ್ಯವಸ್ಥೆ, ಕಷ್ಟದಲ್ಲಿದ್ದವರನ್ನು ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದಂತೆ ಬೇರೆಬೇರೆಯಾಗಿ ಕೂರಿಸಿಬಿಟ್ಟಿತು. ಒಬ್ಬೊಬ್ಬರೂ ರಾತ್ರಿ ನಿದ್ದೆಗೆಟ್ಟು ತಮ್ಮ ಚೀಟಿಗಳನ್ನು ಮತ್ತೆ ಮತ್ತೆ ಎಣಿಸುತ್ತಾ, ಕಡೆಗೆ ತಮ್ಮ ಮನೆಯವರನ್ನೋ ತಮ್ಮನ್ನೋ ಅನುಮಾನಿಸುವಂತಾಯಿತು.

ಕಾನೂನೂ ಆ ಹೊತ್ತಿಗೆ ಯಂತ್ರದ ಪಕ್ಷ ವಹಿಸಿತ್ತು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಒಡ್ಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ನಿಯಮ ಇಂಗ್ಲೆಂಡಿನ 1984ರ ಕಾಯ್ದೆಯೊಂದರಲ್ಲಿತ್ತು; 1999ರ ಶಾಸನ ಅದನ್ನು ರದ್ದು ಮಾಡಿತು. ಅಲ್ಲಿಂದ ಮುಂದೆ ಯಂತ್ರ ಸರಿಯಿದೆ ಎಂಬುದೇ ಪೂರ್ವಗ್ರಹಿಕೆ. ಸರಿಯಿಲ್ಲ ಎನ್ನುವವರೇ ಅದಕ್ಕೆ ಆಧಾರ ತರಬೇಕು. ಹಳ್ಳಿಯ ಅಂಗಡಿಯವರು ಎಲ್ಲಿಂದ ತರಬೇಕು? ವೇಲ್ಸಿನ ಅಲನ್ ಬೇಟ್ಸ್ ಕೇಳಿದ್ದು ಇದನ್ನೇ: ಕೊರತೆ ಎಂದು ಹೇಳುವ ಮೊತ್ತ ಎಲ್ಲಿಂದ ಬಂತೆಂದು ಹುಡುಕಿ ನೋಡಲು ನನಗೆ ವಿವರಗಳನ್ನು ಕೊಡಿ. ಸಿಕ್ಕಲಿಲ್ಲ, 2003ರಲ್ಲಿ ಅವರ ಕರಾರು ರದ್ದಾಯಿತು. ಅವರು ಸುಮ್ಮನಾಗದೆ ತಮ್ಮಂಥವರನ್ನು ಹುಡುಕುತ್ತಾ ಹೋದರು. ಕೊನೆಗೆ 555 ಮಂದಿ ಒಟ್ಟಾಗಿ ದಾವೆ ಹೂಡಿದರು, ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ತೀರ್ಪಿತ್ತರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಮಂದಿಯ ಶಿಕ್ಷೆಗಳನ್ನು ತಳ್ಳಿಹಾಕಿತು. 2024ರಲ್ಲಿ ಸಂಸತ್ತು ಕಾಯ್ದೆಯನ್ನೇ ತಂದು ಉಳಿದವರಲ್ಲಿ ಬಹುಮಂದಿಯ ಕಳಂಕ ತೊಡೆಯಿತು. ಆ ದಿನವನ್ನು ಕಾಣದೆ ತೀರಿಕೊಂಡವರೂ ಇದ್ದರು.

ಈ ಕತೆ ನಮ್ಮದಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದೂರದೇಶದ ಬ್ಯಾಂಕು, ವಿಮೆ ಕಂಪನಿ, ಸರಕುಮಳಿಗೆಗಳು ದಿನನಿತ್ಯ ತೀರ್ಮಾನಕ್ಕೆ ನೆಚ್ಚಿಕೊಂಡ ತಂತ್ರಾಂಶಗಳನ್ನು ಬರೆಯುವ, ಕಾಯುವ ಕೆಲಸ ಬೆಂಗಳೂರಿನಲ್ಲಿ ಎಷ್ಟು ನಡೆಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ನಮ್ಮ ಮಕ್ಕಳು ಬರೆಯುವ ಒಂದು ಸಾಲಿನ ಕೊನೆಯಲ್ಲಿ ಎಲ್ಲೋ ಒಬ್ಬರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾರೆ. ಅವರು ಎಂಟರ್ ಗುಂಡಿಯನ್ನು ಎರಡನೆಯ ಸಲ ಒತ್ತಬಹುದು ಎಂದು ಮೊದಲೇ ಊಹಿಸಿ ಅದಕ್ಕೊಂದು ತಡೆ ಬರೆಯುವ ಹುಡುಗಿಯ ಜಾಣತನದಲ್ಲಿ ನನಗೆ ತಾಂತ್ರಿಕ ನೈಪುಣ್ಯಕ್ಕಿಂತ ಹೆಚ್ಚಿನದೇನೋ ಕಾಣುತ್ತದೆ. ಕಾಣದವರ ಕೈಗಳನ್ನು ಅವಳು ನೆನೆಸಿಕೊಂಡಿದ್ದಾಳೆ.

ಇನ್ನು ನಮ್ಮ ಜಮೀನಿನ ದಾಖಲೆಗಳ ಮಾತು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಪಹಣಿಗಾಗಿ ಒಬ್ಬರ ಮುಂದೆ ಕೈಕಟ್ಟಿ ನಿಲ್ಲುವ ಕಷ್ಟ ರೈತರಿಗೆ ಎಷ್ಟೋ ಕಮ್ಮಿಯಾಯಿತು. ಬ್ಯಾಂಕು ಸಾಲ ಕೊಡುವುದೂ ಬಿಡುವುದೂ ಆ ಹಾಳೆ ನೋಡಿ. ಒಂದು ಗುಂಟೆ ವ್ಯತ್ಯಾಸ, ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಬಿದ್ದರೂ ತಿದ್ದುಪಡಿಗೆ ಅಲೆಯುವುದು ಎಷ್ಟು ಕಷ್ಟವೆಂದು ಅಲೆದವರಿಗೇ ಗೊತ್ತು. ಆದರೆ ನಮ್ಮ 1964ರ ಭೂಕಂದಾಯ ಕಾಯ್ದೆಯಲ್ಲಿ ನಾನು ಮೆಚ್ಚುವ ಒಂದು ಏರ್ಪಾಡು ಇದೆ. ಖಾತೆ ಬದಲಾವಣೆಯ ಅರ್ಜಿ ಬಂದರೆ ಸಂಬಂಧಪಟ್ಟವರಿಗೆ ನೋಟಿಸು ಕೊಡಬೇಕು, ಚಾವಡಿಯಲ್ಲಿ ಪ್ರಕಟಿಸಬೇಕು. ತಕರಾರು ಬಂದರೆ ಅದನ್ನು ದಾಖಲಿಸಲು ಬೇರೆಯದೇ ಒಂದು ರಿಜಿಸ್ಟರ್ ಇರಬೇಕು, ವಿಚಾರಣೆಯಾಗದೆ ಹೆಸರು ಬದಲಾಗುವಂತಿಲ್ಲ. ಅಣ್ಣತಮ್ಮಂದಿರು ಪಾಲು ಬರೆದುಕೊಂಡಾಗ ಮದುವೆಯಾಗಿ ದೂರ ಹೋದ ತಂಗಿಯ ಹೆಸರು ಬಿಟ್ಟುಹೋಗಿದ್ದು ಬೆಳಕಿಗೆ ಬರುವುದು ತಕರಾರಿಗಾಗಿ ಕಾಯುವ ಆ ದಿನಗಳಲ್ಲಿ. ಕೊಂಡವನಿಗೆ ಅವು ಬೇಸರದ ದಿನಗಳು, ಕಚೇರಿಗೆ ಬಾಕಿ ಕಡತಗಳ ದಿನಗಳು; ಎಲ್ಲ ಆನ್‌ಲೈನ್ ಆಗಿರುವಾಗ ಇನ್ನೂ ಕಾಯುವುದೇಕೆ ಎಂಬ ಒತ್ತಾಯ ಬೆಳೆಯುತ್ತಲೇ ಇರುತ್ತದೆ, ಮತ್ತು ಆ ಒತ್ತಾಯ ಅನ್ಯಾಯದ್ದೂ ಅಲ್ಲ. ಅರ್ಜಿ ಸಾಗುವ ವೇಗ ಎಷ್ಟಾದರೂ ಹೆಚ್ಚಲಿ, ತಕರಾರಿನ ದಿನಗಳಿಂದ ಮಾತ್ರ ಒಂದನ್ನೂ ಕಳೆಯಬೇಡಿ ಎಂದು, ಅಂಥ ಪ್ರಶ್ನೆ ಬಂದಾಗಲೆಲ್ಲ, ನಾನು ಆ ತಂಗಿಯ ಕಡೆಯಿಂದ ವಾದಿಸುತ್ತೇನೆ.