ಸೀಟಿ ಹಿಡಿದವರ ತಪ್ಪು

1891ರಲ್ಲಿ ಕಾಲ್ಚೆಂಡಾಟದ ನಿಯಮವು ಹೊರಗೆ ನಿಂತಿದ್ದ ತೀರ್ಪುಗಾರನನ್ನು ಅಂಕಣದೊಳಕ್ಕೆ ತಂದಿತು. ನಾವೂ ಊರ ಹುಡುಗರ ಪಂದ್ಯಗಳಲ್ಲಿ ಸೀಟಿ ಹಿಡಿದು ಓಡುವವರಾಗಿದ್ದೇವೆ. ಹೆತ್ತವರ ಕೂಗಾಟವು ನಮಗೆ ಹೊಸದಲ್ಲ. ಆದರೆ ಒಂದು ಸಂಜೆ ದೂರದಲ್ಲಿ ನಿಂತೇ ಗೋಲೆಂದು ಊದಿದೆವು. ಹತ್ತಿರ ಬಂದು ನೋಡಲಾಗಿ ಚೆಂಡು ಗೋಲು ಕಾಯುವ ಚಿಕ್ಕವನ ಕೈಕೆಳಗೆ ಇನ್ನೂ ಗೆರೆಯ ಮೇಲೆಯೇ ಇತ್ತು. ಪೂರ್ಣವಾಗಿ ದಾಟದೆ ಗೋಲಿಲ್ಲವಷ್ಟೆ. ಅವನು ವಾದಿಸಲಿಲ್ಲ, ನಮ್ಮ ಮುಖವನ್ನು ನೋಡಿದನು.

ಆಟವು ತಿರಿಗಿ ತೊಡಗುವ ಮೊದಲು ತೀರ್ಪನ್ನು ತಿದ್ದಲು ನಿಯಮವು ಎಡೆಗೊಡುತ್ತದೆ, ಆಮೇಲೆ ಇಲ್ಲ. ಅಷ್ಟು ಸ್ವಲ್ಪ ಹೊತ್ತಿನಲ್ಲಿ ನಮ್ಮ ಅಹಂಕಾರವು ಎಷ್ಟು ನೆವಗಳನ್ನು ಹುಡುಕಿತು! ಕಡೆಗೆ ಕೈಯೆತ್ತಿ, “ಮಕ್ಕಳೇ, ತಪ್ಪು ನಮ್ಮದು, ಅದು ಗೋಲಲ್ಲ” ಅಂದೆವು. ಹೊರಗೆ ಗದ್ದಲವೆದ್ದಿತು. ಊದಿ ಆಟವನ್ನು ನಿಲ್ಲಿಸಿದವರು ನಾವೇ ಆದಕಾರಣ, ನಿಯಮದಂತೆ ಚೆಂಡನ್ನು ಆ ಚಿಕ್ಕವನ ಮುಂದೆಯೇ ಬಿಟ್ಟು ಆಟವನ್ನು ತೊಡಗಿಸಿದೆವು.